ಸಕ್ಕರೆ ಬಟ್ಟಲಿನ ಮೇಲಿನ ಬರಹ

ಸತ್ತಿಯ ಮಕ್ಕಳಿಗೆ ಕಬ್ಬಿನ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ದೀಪಾವಳಿ ಕಳೆಯುತ್ತಿದ್ದಂತೆ ಅಥಣಿ ಸೀಮೆಯ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ. ಹಿಂದಿನಿಂದ ಓಡಿ ಒಂದು ಕಬ್ಬು ಎಳೆದುಕೊಳ್ಳುವ ಆಸೆ ಯಾರಿಗಿಲ್ಲ? (ಎಳೆಯಬೇಡಿ, ಗಾಲಿಗೆ ಸಿಕ್ಕೀರಿ.) ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು 1939ರಲ್ಲಿ. ಅದಕ್ಕೂ ಮೊದಲು ಗಾಣ, ಕೊಪ್ಪರಿಗೆ, ಬೆಲ್ಲ. ಅಜ್ಜನನ್ನು ಕೇಳಿದರೆ ಬಿಸಿಬೆಲ್ಲದ ರುಚಿ ಹೇಳುತ್ತಾರೆ.

ಇಷ್ಟು ಸಿಹಿಯಾದ ಈ ಬೆಳೆಗೆ ಬಹಳ ಕಹಿಯಾದ ಒಂದು ಕಥೆ ಇದೆ.

ಭೂಗೋಳದ ನಕಾಶೆಯಲ್ಲಿ ವೆಸ್ಟ್ ಇಂಡೀಸ್ ಹುಡುಕಿ. ಕ್ರಿಕೆಟ್ಟಿನಿಂದ ನಿಮಗೆ ಗೊತ್ತಿರುವ ದ್ವೀಪಗಳೇ. ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಿಡಿದು, ಸಂಕೋಲೆ ಹಾಕಿ, ಹಡಗಿನಲ್ಲಿ ತುಂಬಿ ಅಲ್ಲಿಗೆ ಒಯ್ದು ಮಾರಿದರು. ಕಬ್ಬು ಕಡಿಯುವುದು ಅವರು, ಗಾಣಕ್ಕೆ ಕೊಡುವುದು ಅವರು, ಲಾಭ ಇಂಗ್ಲೆಂಡಿನ ತೋಟದ ಮಾಲಿಕರಿಗೆ. ಗುಲಾಮನ ಮಗುವೂ ಹುಟ್ಟಿನಿಂದಲೇ ಮಾಲಿಕನ ಸ್ವತ್ತು.

ಇದು ನಿಂತದ್ದು ಹೇಗೆ? ಒಳ್ಳೆಯವರು ಕೆಲವರು ಮರುಗಿದರು, ಕಾನೂನು ಬಂತು ಎಂದು ಪಾಠದಲ್ಲಿ ಓದುತ್ತೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. 1791ರ ಸುಮಾರಿಗೆ ಇಂಗ್ಲೆಂಡಿನ ಲಕ್ಷಾಂತರ ಜನರು, ಅದರಲ್ಲೂ ಹೆಂಗಸರು, ಚಹಕ್ಕೆ ವೆಸ್ಟ್ ಇಂಡೀಸ್ ಸಕ್ಕರೆ ಹಾಕುವುದನ್ನೇ ಬಿಟ್ಟರು. ಅದೇ ವರ್ಷ ಫ್ರೆಂಚರ ಸಕ್ಕರೆ ವಸಾಹತು ಸಾಂ ದೊಮಿಂಗ್‌ನಲ್ಲಿ ಗುಲಾಮರು ದಂಗೆ ಎದ್ದರು. ಸೈನ್ಯಗಳನ್ನೇ ಸೋಲಿಸಿ 1804ರಲ್ಲಿ ಹೈಟಿ ಎಂಬ ಸ್ವಂತ ದೇಶ ಕಟ್ಟಿಕೊಂಡರು. 1831ರ ಕ್ರಿಸ್ಮಸ್ ಹೊತ್ತಿಗೆ ಜಮೈಕಾದಲ್ಲೂ ಬೆಂಕಿ ಹತ್ತಿತು. ಅದರ ನಾಯಕ ಸ್ಯಾಮ್ಯುಯೆಲ್ ಶಾರ್ಪ್‌ನನ್ನು ಗಲ್ಲಿಗೇರಿಸಿದರು. ಆದರೂ ದಂಗೆ ಅಡಗಿಸುವ ಖರ್ಚು ಇನ್ನು ತಡೆಯಲಾಗದು ಎಂಬುದು ಲಂಡನ್ನಿಗೆ ತಿಳಿಯಿತು. ಆ ದ್ವೀಪಗಳ ಸಕ್ಕರೆಯೋ ತುಟ್ಟಿ, ಹೊರಗಿನ ಸಕ್ಕರೆಗೆ ಹೆಚ್ಚು ತೆರಿಗೆ ಹಾಕಿ ಅದನ್ನು ಕಾಪಾಡಬೇಕಿತ್ತು. ಗಿರಣಿ ಊರುಗಳ ಹೊಸ ಸಾಹುಕಾರರಿಗೆ ಇದು ಯಾಕೆ ಬೇಕು? 1832ರಲ್ಲಿ ಚುನಾವಣೆಯ ನಿಯಮ ಬದಲಾಗಿ ಪಾರ್ಲಿಮೆಂಟಿನಲ್ಲಿ ತೋಟದ ಮಾಲಿಕರ ಬಲ ಕುಗ್ಗಿತು. ಮರುವರ್ಷವೇ ಕಾನೂನು ಆಯಿತು.

ಪರಿಹಾರ ಯಾರಿಗೆ ಕೊಟ್ಟರು ಗೊತ್ತೇ? ಎರಡು ಕೋಟಿ ಪೌಂಡು, ಎಲ್ಲವೂ ಮಾಲಿಕರಿಗೆ! ಸುಮಾರು 8 ಲಕ್ಷ ಗುಲಾಮರ ಕೈಗೆ ಒಂದು ಬಿಡಿಗಾಸೂ ಬರಲಿಲ್ಲ. ಮೇಲೆ 1838ರವರೆಗೆ ಅದೇ ತೋಟದಲ್ಲಿ ದುಡಿಯಬೇಕಾಯಿತು. ಈ ಲೆಕ್ಕವನ್ನೆಲ್ಲ ಬಿಚ್ಚಿಟ್ಟು 1944ರಲ್ಲಿ ಪುಸ್ತಕ ಬರೆದವರು ಎರಿಕ್ ವಿಲಿಯಮ್ಸ್. ಮುಂದೆ ಅವರು ಟ್ರಿನಿಡಾಡಿನ ಪ್ರಧಾನಿಯೂ ಆದರು.

ಈಗ ಬಟ್ಟಲಿನ ಮಾತು. 1820ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೆಲವು ಪಿಂಗಾಣಿ ಸಕ್ಕರೆ ಬಟ್ಟಲುಗಳ ಮೇಲೆ ಒಂದು ಬರಹ ಇರುತ್ತಿತ್ತು: ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ. ಅಂದರೆ ನಮ್ಮ ದೇಶದ ಸಕ್ಕರೆ. ನಮ್ಮಲ್ಲಿ ಗುಲಾಮರು ಇರಲಿಲ್ಲವೇ? ಇದ್ದರು. 1801ರಲ್ಲಿ ಕೆನರಾ ಜಿಲ್ಲೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಗದ್ದೆಗಳಲ್ಲಿ ದುಡಿಯುವ ಆಳುಗಳನ್ನು ಮಾರುವ, ಕೊಳ್ಳುವ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಕರಾವಳಿಯಲ್ಲಿ ಅವರನ್ನು ಮೂಲದಾಳು ಎನ್ನುತ್ತಿದ್ದರು. ಕಂದಾಯ ಕಟ್ಟುವವರು ಜಮೀನುದಾರರು, ಅವರನ್ನು ಮುನಿಸಿಕೊಳ್ಳಲು ಕಂಪನಿ ಸರಕಾರಕ್ಕೆ ಮನಸ್ಸಿಲ್ಲ. ಹೀಗಾಗಿ 1833ರ ಕಾನೂನಿನಿಂದ ಕಂಪನಿಯ ಸೀಮೆಯನ್ನೇ ಹೊರಗಿಟ್ಟರು.

ಹತ್ತು ವರ್ಷದ ಮೇಲೆ, 1843ರಲ್ಲಿ, ಐದನೇ ಕಾಯ್ದೆ ಬಂತು. ಅದು ಬಹಳ ಜಾಣತನದ, ಅಗ್ಗದ ಕಾಯ್ದೆ. ಗುಲಾಮರೆಲ್ಲ ಬಿಡುಗಡೆ ಎಂದು ಡಂಗುರ ಹೊಡೆಯಲಿಲ್ಲ. ಇವನು ನನ್ನ ಗುಲಾಮ ಎಂದು ಬಂದರೆ ಕೋರ್ಟು ಕೇಳುವುದಿಲ್ಲ ಎಂದಷ್ಟೇ ಹೇಳಿತು. ಪರಿಹಾರದ ಮಾತೇ ಇಲ್ಲ. ಗುಲಾಮರನ್ನು ಮಾರುವುದು, ಕೊಳ್ಳುವುದು ಅಪರಾಧವಾದದ್ದು 1860ರ ದಂಡಸಂಹಿತೆಯಲ್ಲಿ.

ಅಷ್ಟರಲ್ಲಿ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕಾಫಿ ತೋಟಗಳು ಎದ್ದವು. ಅವಕ್ಕೆ ಸಾವಿರಾರು ಆಳು ಬೇಕು. ಮಾಲಿಕನಿಗೆ ಅಂಟಿಕೊಂಡ ಆಳಿಗಿಂತ ಕೂಲಿಗೆ ಬರುವ ಆಳು ತೋಟದವರಿಗೆ ಅನುಕೂಲ. ಆದರೆ ಬಂದವನು ಓಡಿಹೋಗಬಾರದಲ್ಲ? ಮೊದಲೇ ಮುಂಗಡ ಕೊಟ್ಟುಬಿಟ್ಟರು. 1859ರ ಕಾಯ್ದೆಯಂತೆ ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟವನು ಜೈಲಿಗೂ ಹೋಗಬಹುದಿತ್ತು. ಹೀಗೆ ಸಂಕೋಲೆ ಹೋಗಿ ಸಾಲ ಬಂತು. ಸಾಲ ಕೊಟ್ಟು ದುಡಿಸಿಕೊಳ್ಳುವ ಜೀತ ಹಳ್ಳಿಗಳಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. ತೀರದ ಸಾಲಕ್ಕೆ ಅಪ್ಪನ ಬದಲು ಮಗ ದುಡಿದ.

ಅದನ್ನು ದೇಶಕ್ಕೆಲ್ಲ ನಿಷೇಧಿಸಿದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆ, ಬಳಿಕ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಈ ಸಲ ಮಾಲಿಕರಿಗೆ ಪರಿಹಾರವಿಲ್ಲ. ಜೀತದ ಸಾಲವೇ ವಜಾ. ಆಗ ತುರ್ತುಪರಿಸ್ಥಿತಿ. ಇಪ್ಪತ್ತು ಅಂಶದ ಕಾರ್ಯಕ್ರಮದಲ್ಲಿ ಇದೂ ಒಂದು. ಬಡವರ ಬೆಂಬಲ ಬೇಕಾದ ಸರಕಾರಕ್ಕೆ ಅದು ರಾಜಕೀಯವಾಗಿಯೂ ಬೇಕಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಿಡುಗಡೆಯಾದವನಿಗೆ ಅದರಿಂದ ಏನು ಕಡಿಮೆ?

ಈಗ ನಮ್ಮ ಹೊಲಕ್ಕೆ ಮರಳೋಣ. ಕಬ್ಬು ಕಡಿಯುವ ಗ್ಯಾಂಗಿನವರು ದೂರದೂರದಿಂದ ಹೆಂಡತಿ, ಮಕ್ಕಳೊಡನೆ ಬಂದು ಗುಡಿಸಲು ಹಾಕುತ್ತಾರೆ. ಅವರಲ್ಲೂ ಬಹಳ ಜನ ಹಂಗಾಮಿಗೆ ಮೊದಲೇ ಮುಂಗಡ ಪಡೆದವರು. ಮುಂಗಡವೆಲ್ಲ ಜೀತವಲ್ಲ, ಸಾಲ ತೀರುವವರೆಗೆ ಬಿಟ್ಟುಹೋಗದಂತೆ ತಡೆದರೆ ಅದು ಜೀತ. ಹಾಗೆ ಸಿಕ್ಕಿಬಿದ್ದವರು ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ದೂರು ಕೊಡಬಹುದು. ಆ ಗುಡಿಸಲುಗಳಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇರುತ್ತಾರೆ. ಹಂಗಾಮು ಮುಗಿಯುವವರೆಗೆ ಅವರ ಊರಿನ ಶಾಲೆಯಲ್ಲಿ ಅವರ ಜಾಗ ಖಾಲಿ.