ಚಿತ್ರವಿಮರ್ಶೆಯೂ ನ್ಯಾಯದ ಸೇವೆ

ಚಲನಚಿತ್ರವು ಬರಿಯ ಮನರಂಜನೆಯಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ಸಂಪರ್ಕ ಮಾಧ್ಯಮಗಳ ಕುರಿತ ಆದೇಶಪತ್ರವು, ಯುವಜನರಿಗೆ ಈ ವಿಷಯದಲ್ಲಿ ತಕ್ಕ ಶಿಕ್ಷಣ ದೊರೆಯಬೇಕೆಂದು ಬೋಧಿಸಿತು. ವಿಮರ್ಶೆ ಬರೆಯುವುದು ಆ ಶಿಕ್ಷಣದ ಒಂದು ಅಭ್ಯಾಸ.

ಶಿವರಾಮ ಕಾರಂತರ ಕಾದಂಬರಿಯನ್ನಾಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ಯು 1975ರ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ತುಂಡು ಭೂಮಿಗಾಗಿ ಹಂಬಲಿಸುವ ದಲಿತ ಚೋಮನ ಮುಂದೆ, ಮತಾಂತರವಾದರೆ ಭೂಮಿ ದೊರೆತೀತೆಂಬ ಆಸೆಯೂ ಸುಳಿಯುತ್ತದೆ. ಕ್ರೈಸ್ತ ವಿಮರ್ಶಕನು ಈ ಪ್ರಸಂಗವನ್ನು ಮರೆಮಾಚಿ ಜಾತಿಯ ಕ್ರೌರ್ಯವನ್ನಷ್ಟೇ ಖಂಡಿಸಿದರೆ ಬರಹವು ಅರ್ಧಸತ್ಯವಾಗುತ್ತದೆ. ವಿಮರ್ಶೆಯು ನಮ್ಮನ್ನೂ ಪ್ರಶ್ನಿಸಬೇಕು.

ಕಳ್ಳಕವಟಗಿಯಂಥ ಹಳ್ಳಿಯ ಯುವಜನರೂ ಮೂರು ಪ್ರಶ್ನೆಗಳಿಂದ ಆರಂಭಿಸಬಹುದು: ಭೂಮಿ ಯಾರದು? ದುಡಿಮೆ ಯಾರದು? ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ? ಉತ್ತರಗಳಿಗೆ ದೃಶ್ಯಗಳೇ ಸಾಕ್ಷಿಯಾಗಲಿ. ಬರೆದುದನ್ನು ಮನೆಮಂದಿಯೆದುರು ಓದಿ ಚರ್ಚಿಸಲಿ. ಪರಿವರ್ತನೆಯು ಅಲ್ಲಿಂದಲೇ ಮೊದಲಾಗುತ್ತದೆ.