ಡಂಬಳದ ಏಣಿ, ವಾಲ್ಮರಿನ ಕುರ್ಚಿ

ಕುರ್ತಕೋಟಿಯಿಂದ ಡಂಬಳಕ್ಕೆ ಹೋಗುವವರು ಗದಗ ದಾಟಿ ಮತ್ತೆ ಸುಮಾರು 20 ಕಿ.ಮೀ. ಸಾಗಬೇಕು. ಬಂದವರು ದೊಡ್ಡಬಸಪ್ಪನ ಗುಡಿ ನೋಡುತ್ತಾರೆ, ನೆರಳು ಹುಡುಕಿ ಬುತ್ತಿ ಬಿಚ್ಚುತ್ತಾರೆ, ಹೊರಟುಬಿಡುತ್ತಾರೆ. ಊರಿನ ಹಾಳುಬಿದ್ದ ಕೋಟೆಯನ್ನು ವಿಚಾರಿಸುವವರು ಕಡಿಮೆ. ಆದರೆ ಆ ಕೋಟೆಗೆ ಏಣಿ ಹಾಕಿಸಿದ ದಳಪತಿ ಕೊನೆಯುಸಿರೆಳೆದ ಕುರ್ಚಿಯನ್ನು ನೋಡಲು ಇಂಗ್ಲೆಂಡಿನಲ್ಲಿ ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ.

ಅವನು ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಅದಕ್ಕೂ 15 ವರ್ಷ ಮೊದಲು, ಮೂವತ್ತೊಂದರ ಕರ್ನಲ್ ಆಗಿ, ನಮ್ಮ ಕಡೆಯ ಎರೆಹೊಲಗಳಲ್ಲಿ ಮಳೆಗಾಲದಲ್ಲಿ ಫಿರಂಗಿ ಎಳೆಸುತ್ತಿದ್ದ. ಬೆನ್ನಟ್ಟಿದ್ದು ಧೋಂಡಿಯ ವಾಘನನ್ನು. ಚನ್ನಗಿರಿಯ ಈ ಧೋಂಡಿಯ ಟಿಪ್ಪುವಿನ ಸೆರೆಯಲ್ಲಿದ್ದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು ದಂಡು ಕಟ್ಟಿ, ತಾನು ಎರಡು ಲೋಕಗಳ ಒಡೆಯನೆಂದು ಬಿರುದು ಹಚ್ಚಿಕೊಂಡ. ಬಿರುದು ಅತಿಯಾಯಿತು ನಿಜ, ಆದರೆ ಕಂಪನಿಯ ನಿದ್ದೆಗೆಡಿಸುವಷ್ಟು ಕುದುರೆಗಳಂತೂ ಅವನ ಹಿಂದಿದ್ದವು.

1800ರ ಜುಲೈನಲ್ಲಿ ವೆಲ್ಲೆಸ್ಲಿ ಕುಂದಗೋಳ ಹಿಡಿದ. ಧೋಂಡಿಯನ ಕಡೆಯವರು ಶಿರಹಟ್ಟಿಗೆ ಹಾಕಿದ್ದ ಮುತ್ತಿಗೆಯನ್ನು ಬಿಡಿಸಿದ. ಜುಲೈ 26ಕ್ಕೆ ಡಂಬಳ. ಕಲ್ಲಿನ ಎತ್ತರದ ಗೋಡೆ, ಸುತ್ತ ನೀರಿಲ್ಲದ ಕಂದಕ. ಬಾಗಿಲಿನತ್ತ ನುಗ್ಗಿದವರಿಗೆ ಒಳಗೆ ಹೋಗಲಾಗಲಿಲ್ಲ. ಕಡೆಗೆ ಗೋಡೆಗೆ ಏಣಿ ಒರಗಿಸಿ ಹತ್ತಿದವರೇ ಕೋಟೆ ಗೆದ್ದರು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ. ಅವನ ಸಾಮಾನು ಸರಂಜಾಮಿನ ನಡುವೆ ಸಲಾಬತ್ ಖಾನ್ ಎಂಬ ಪುಟ್ಟ ಹುಡುಗ ಸಿಕ್ಕ. ಆ ಹುಡುಗನನ್ನು ಬೆಳೆಸಲು ವೆಲ್ಲೆಸ್ಲಿ ತಾನೇ ಹಣ ಇಟ್ಟ. ಊರೂರು ಮುತ್ತಿದವನ ಲೆಕ್ಕದಲ್ಲಿ ಇದೂ ಒಂದು ಸಾಲು.

ಇನ್ನು ಇಂಗ್ಲೆಂಡಿನಲ್ಲಿ ಆ ಕುರ್ಚಿ ಇರುವ ಕೋಟೆ. ಕೆಂಟ್ ಕಡಲ ದಂಡೆಯ ವಾಲ್ಮರ್ ಕೋಟೆಯನ್ನು ಎಂಟನೆಯ ಹೆನ್ರಿ 1539-40ರಲ್ಲಿ, ಸಮುದ್ರದಾಚೆಯ ಶತ್ರುವಿಗೆ ಅಂಜಿ ಕಟ್ಟಿಸಿದ. ಮುಗಿಲೆತ್ತರದ ಗೋಪುರಗಳಿಲ್ಲ, ನಡುವೆ ಒಂದು ದುಂಡು ಬುರುಜು, ಸುತ್ತ ನಾಲ್ಕು ಕುಳ್ಳ ಬುರುಜುಗಳು, ಎಲ್ಲ ತೋಪಿಗಾಗಿ. ಅಂದದಲ್ಲಿ ನಮ್ಮ ಗಜೇಂದ್ರಗಡವೇ ಮೇಲೆಂದರೆ ಪಕ್ಷಪಾತವಾದೀತೇನೋ, ಆಗಲಿ. ಮುಂದೆ ಅದು ಕಡಲತೀರದ ಅಧಿಕಾರಿ ಲಾರ್ಡ್ ವಾರ್ಡನ್‌ನ ಮನೆಯಾಯಿತು. 1829ರಲ್ಲಿ ಆ ಹುದ್ದೆಗೆ ಬಂದ ವೆಲ್ಲಿಂಗ್ಟನ್, 1852ರ ಸೆಪ್ಟೆಂಬರ್ 14ರಂದು ಅಲ್ಲೇ ತನ್ನ ಕೋಣೆಯ ಕುರ್ಚಿಯಲ್ಲಿ ತೀರಿಕೊಂಡ.

ಆ ಕೋಣೆಯಲ್ಲಿ ಈಗಲೂ ಆ ಕುರ್ಚಿ ಇದೆ. ದಂಡಿನ ಬಿಡಾರಕ್ಕೆ ತಕ್ಕಂಥ ಇಕ್ಕಟ್ಟಾದ ಮಡಚುಮಂಚವಿದೆ. ದೇಶದ ಪ್ರಧಾನಿಯಾಗಿದ್ದವನು ಅದರ ಮೇಲೆಯೇ ಮಲಗುತ್ತಿದ್ದ. ಅವನ ತೊಗಲ ಬೂಟುಗಳನ್ನೂ ಇಟ್ಟಿದ್ದಾರೆ. ಇವೆಲ್ಲ ತಾವಾಗಿಯೇ ಉಳಿದವಲ್ಲ. ಡಬ್ಲ್ಯೂ.ಎಚ್. ಸ್ಮಿತ್ ಎಂಬ ಪುಸ್ತಕ ವ್ಯಾಪಾರಿ, ರಾಜಕಾರಣಿ 1891ರಲ್ಲಿ ಲಾರ್ಡ್ ವಾರ್ಡನ್ ಆದಾಗ, ಈ ಸಾಮಾನು ಕೋಟೆ ಬಿಟ್ಟು ಹೋಗದಂತೆ ಕಾಗದಪತ್ರ ಮಾಡಿಸಿದ. ಅದೇ ವರ್ಷ ಅವನೂ ಅಲ್ಲೇ ತೀರಿಕೊಂಡ. ಒಂದು ಕರಾರುಪತ್ರದ ಪುಣ್ಯದಿಂದ ಕೋಣೆಗೆ ಕಥೆ ಉಳಿಯಿತು.

ಡಂಬಳಕ್ಕೆ ಕಥೆಯ ಬರವೇ? 1095ರ ಶಾಸನ ಇಲ್ಲಿ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೇಳುತ್ತದೆ. ದೊಡ್ಡಬಸಪ್ಪನ ಗುಡಿಯ ಗರ್ಭಗುಡಿ 24 ಕೋನದ ನಕ್ಷತ್ರ. ಹೊರಗೋಡೆ ಬೆರಳಗಲ, ಗೇಣಗಲ ತಿರುಗುತ್ತಾ ಹೋಗುತ್ತದೆ, ಪ್ರತಿ ತಿರುವಿನಲ್ಲೂ ಬಿಸಿಲು ಮುರಿದು ಬೀಳುತ್ತದೆ. ಇನ್ನು 1858. ವೆಲ್ಲಿಂಗ್ಟನ್ ಸತ್ತು ಆರು ವರ್ಷವೂ ತುಂಬಿರಲಿಲ್ಲ, ಕಂಪನಿಯ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಇದೇ ಡಂಬಳದ ಸರ್ಕಾರಿ ಖಜಾನೆ ಲೂಟಿ ಮಾಡಿ ಕೊಪ್ಪಳ ಕೋಟೆ ಸೇರಿದ. ಜೂನ್ 1ರಂದು ಕಂಪನಿ ಪಡೆಯೊಡನೆ ಹೋರಾಡಿ ಅಲ್ಲಿ ಮಡಿದ.

ಡಂಬಳ, ಶಿರಹಟ್ಟಿ, ಕೊಪ್ಪಳ ಮೂರನ್ನೂ ಒಂದೇ ದಾರಿಗೆ ಪೋಣಿಸಿ ತೋರಿಸಿದರೆ ಶಾಲೆಯ ಪ್ರವಾಸಕ್ಕೆ ಹಂಪಿಯೊಂದೇ ಗತಿ ಎನ್ನುವುದು ತಪ್ಪೀತು. ಏಣಿಯ ಕಥೆ ಹೇಳುವ ಒಂದು ಕನ್ನಡ ಫಲಕ ಕೋಟೆಯ ಬಳಿ ನೆಟ್ಟರೆ ಸದ್ಯಕ್ಕೆ ಸಾಕು. ಟಿಕೆಟ್ಟಿನ ಮಾತು ಆಮೇಲೆ ನೋಡಿಕೊಳ್ಳೋಣ.