ಕಾರಿನ ಗಾಜಿನ ಮೇಲಿನ ಸ್ಟಿಕ್ಕರ್ ಅಂಟು ತೆಗೆಯಲು ಪೆಟ್ರೋಲ್ ಬಳಸಬಹುದೇ?

"ಗಾಜಿಗೆ ಅಂಟಿದ ಹಳೇ ಸ್ಟಿಕ್ಕರ್ ಹೋಗುತ್ತಿಲ್ಲವೇ? ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಉಜ್ಜಿ, ಉಳಿದದ್ದನ್ನು ಬ್ಲೇಡಿನಿಂದ ಕೆರೆಯಿರಿ." ಇಂಥ ಸಲಹೆಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತಲೇ ಇರುತ್ತವೆ. ಇದು ಎಷ್ಟು ಸರಿ? ನೋಡೋಣ.

ಈಗ ಈ ಪ್ರಶ್ನೆ ಏಕೆ?

ಗೊರೂರಿನಿಂದ ಬೆಂಗಳೂರಿಗೆ ಹೊರಟ ಕಾರು ಹಾಸನ ದಾಟಿದ ಮೇಲೆ ಶಾಂತಿಗ್ರಾಮದ ಟೋಲ್ ದಾಟಬೇಕು. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯ. ಐದು ವರ್ಷ ಹಳೆಯದಾದ ಟ್ಯಾಗ್‌ಗಳನ್ನು 2024ರ ಅಕ್ಟೋಬರ್ 31ರೊಳಗೆ ಬದಲಿಸಬೇಕೆಂಬ ಸೂಚನೆಯೂ ಬಂದಿತ್ತು. ಹಳೇ ಟ್ಯಾಗ್ ಕಿತ್ತರೆ ಅಂಟು ಗಾಜಿನಲ್ಲೇ ಉಳಿಯುತ್ತದೆ. ಅದೂ ಕಾರಿನ ಒಳಭಾಗದಲ್ಲಿ.

ಪೆಟ್ರೋಲ್ ಏಕೆ ಬೇಡ?

ಪೆಟ್ರೋಲ್ ಅಂಟನ್ನು ಮೆತ್ತಗೆ ಮಾಡುವುದು ನಿಜ. ಆದರೆ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದರಿಂದ ಬೆಂಕಿ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಈ ಆವಿ ಗಾಳಿಗಿಂತ ಭಾರ. ಹಾಗಾಗಿ ಕಾರಿನೊಳಗೆ ತಳದಲ್ಲಿ ಸೇರಿಕೊಳ್ಳುತ್ತದೆ. ಬೀಡಿ, ಬೆಂಕಿಕಡ್ಡಿ ಅಥವಾ ಸ್ವಿಚ್ಚಿನ ಒಂದು ಕಿಡಿ ಸಾಕು, ಅನಾಹುತವಾಗಲು. ಪೆಟ್ರೋಲ್‌ನಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ಕೂಡ ಇರುತ್ತದೆ. ಥಿನ್ನರ್ ಮತ್ತು ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ಗೂ ಬೇಗ ಬೆಂಕಿ ಹತ್ತುತ್ತದೆ. ಇವು ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಹಾಳುಮಾಡುತ್ತವೆ.

ಬ್ಲೇಡ್, ಕುದಿನೀರು?

ಒಣಗಿದ ಗಾಜನ್ನು ಬ್ಲೇಡಿನಿಂದ ಕೆರೆದರೆ ಗೀರು ಬೀಳಬಹುದು. ಹಿಂಬದಿ ಗಾಜಿನಲ್ಲಿ ಕಾಣುವ ತೆಳು ಗೆರೆಗಳು ಮಂಜು ಕರಗಿಸುವ ವಿದ್ಯುತ್ ತಂತಿಗಳು. ಒಂದು ತುಂಡಾದರೆ ಆ ಗೆರೆ ಕೆಲಸ ನಿಲ್ಲಿಸುತ್ತದೆ. ಚಳಿಗಾಲದ ಬೆಳಿಗ್ಗೆ ತಣ್ಣನೆಯ ಗಾಜಿಗೆ ಕುದಿನೀರು ಸುರಿದರೆ ಗಾಜು ಬಿರುಕು ಬಿಡಬಹುದು.

ಹಾಗಾದರೆ ಸರಿಯಾದ ವಿಧಾನ?

1. ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಬಾಗಿಲು ತೆರೆದಿಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ಟಿಕ್ಕರ್ ಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ. ಶಾಖಕ್ಕೆ ಅಂಟು ಸಡಿಲವಾಗುತ್ತದೆ. ಒಂದು ಮೂಲೆಯಿಂದ ನಿಧಾನವಾಗಿ ಎಳೆಯಿರಿ.
2. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ 15 ನಿಮಿಷ ಬಿಡಿ. ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಡಬ್ಬಿಯನ್ನು ಬಿಸಿನೀರಿನಲ್ಲಿಡಿ.
3. ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿ. ಅಂಟು ಉಂಡೆಯಾಗಿ ಏಳುತ್ತದೆ.
4. ಕೊನೆಗೆ ಸೋಪಿನ ನೀರಿನಲ್ಲಿ ಚೆನ್ನಾಗಿ ಒರೆಸಿ. ಇದನ್ನು ಮರೆಯಬೇಡಿ. ಎಣ್ಣೆಯ ಪದರ ಉಳಿದರೆ ರಾತ್ರಿ ಎದುರಿನ ಗಾಡಿಯ ಬೆಳಕು ಚೆದುರಿ ರಸ್ತೆ ಕಾಣುವುದಿಲ್ಲ.

ಸ್ಯಾನಿಟೈಸರ್ ಕೂಡ ಅಂಟು ಬಿಡಿಸುತ್ತದೆ. ಆದರೆ ಅದರಲ್ಲಿರುವ ಆಲ್ಕೋಹಾಲ್‌ಗೂ ಬೆಂಕಿ ಹತ್ತುತ್ತದೆ. ಕೆಲವೇ ಹನಿ ಬಳಸಿ, ಬೆಂಕಿಯಿಂದ ದೂರವಿರಿ.

ಕೀಳುವ ಮುನ್ನ ಗಮನಿಸಿ

ಕಿತ್ತ ಫಾಸ್ಟ್‌ಟ್ಯಾಗ್ ಮತ್ತೆ ಬಳಕೆಗೆ ಬರುವುದಿಲ್ಲ. ಕೀಳುವಾಗ ಒಳಗಿನ ಆಂಟೆನಾ ಹರಿಯುವಂತೆ ಅದನ್ನು ತಯಾರಿಸಲಾಗಿರುತ್ತದೆ. ಹೊಸ ಟ್ಯಾಗ್ ಕೈಗೆ ಬಂದ ಮೇಲೆಯೇ ಹಳೆಯದನ್ನು ತೆಗೆಯಿರಿ. ಹೊಸದನ್ನು ಕೈಯಲ್ಲಿ ಹಿಡಿದು ತೋರಿಸದೆ ಗಾಜಿಗೇ ಅಂಟಿಸಿ. ಅಂಟಿಸದ ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ.

ನಮ್ಮ ತೀರ್ಮಾನ: ಪೆಟ್ರೋಲ್‌ನಿಂದ ಅಂಟು ಹೋಗುತ್ತದೆ ಎಂಬುದು ನಿಜ, ಅದು ಸುರಕ್ಷಿತ ಎಂಬುದು ಸುಳ್ಳು. ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಕೊಬ್ಬರಿ ಎಣ್ಣೆಯ ದಾರಿ ತಿಳಿಸಿ.